ಗದ್ದೆ ಬದುವಿನ ತುಂಬ ಹೆಗ್ಗಣದ ಬಿಲ, ಒಬ್ಬನೇ ಏನು ಮಾಡಲಿ?

ನಾಲೆಬಯಲು (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಭತ್ತದ ಗದ್ದೆ. ನಾಟಿ ಆಗಿ ಇವತ್ತಿಗೆ 22 ದಿನ. ನಿನ್ನೆ ಬೆಳಗ್ಗೆ ನೀರು ನೋಡಲು ಹೋದೆ. ಮೇಲಿನ ಮಡಿಯ ನೀರೆಲ್ಲ ಖಾಲಿ. ಬದು ಒಂದು ಕಡೆ ಕುಸಿದು ಬಿದ್ದಿತ್ತು, ಒಳಗೆ ತೋಳು ಹೋಗುವಷ್ಟು ದೊಡ್ಡ ಬಿಲ. ಹಿಂದಿನ ದಿನವಷ್ಟೇ ಯೂರಿಯಾ ಎರಚಿದ್ದೆ. ಅದೂ ನೀರಿನ ಜೊತೆ ಕೆಳಗಿನವರ ಗದ್ದೆಗೆ ಹೋಯಿತು.

ಕಳೆದ ವರ್ಷ ಹೊಡೆ ಬರುವ, ಅಂದರೆ ಪೈರಿನೊಳಗೆ ತೆನೆ ಕಟ್ಟುವ ಹೊತ್ತಿಗೆ ಕಾಟ ಶುರುವಾಗಿತ್ತು. ಬದುವಿನ ಮೇಲೆ ನಿಂತು ನೋಡಿದರೆ ಪೈರು ಚೆನ್ನಾಗೇ ಕಾಣುತ್ತಿತ್ತು. ಒಳಗೆ ಹೋದರೆ ಚಾಪೆ ಹಾಸಿದಷ್ಟು ಅಗಲಕ್ಕೆ ಎಲ್ಲ ಕತ್ತರಿಸಿ ಹಾಕಿದ್ದವು. ಕುಡುಗೋಲಿನಲ್ಲಿ ಓರೆಯಾಗಿ ಕೊಯ್ದ ಹಾಗೆ. ಅಂಗಡಿಯಿಂದ ಇಲಿ ಪಾಷಾಣ ತಂದು ಅಕ್ಕಿ ನುಚ್ಚಿಗೆ ಕಲಸಿ ಇಟ್ಟೆ. ಮೊದಲ ರಾತ್ರಿ ನಾಲ್ಕು ಸತ್ತವು. ಆಮೇಲೆ ಒಂದೂ ಮೂಸಿ ನೋಡಲಿಲ್ಲ. ಬದುವಿನ ಮೇಲೆ ಉಳಿದಿದ್ದನ್ನು ನಮ್ಮ ನಾಯಿ ತಿಂದು ಸತ್ತಿತು. ಆರು ವರ್ಷ ನನ್ನ ಹಿಂದೆ ಗದ್ದೆಗೆ ಬಂದ ನಾಯಿ. ಮಗಳು ಇನ್ನೂ ಆ ಮಾತು ಎತ್ತಿದರೆ ಅಳುತ್ತಾಳೆ.

ಈ ವರ್ಷ ಅದೇ ತಪ್ಪು ಮಾಡಲು ಮನಸ್ಸಿಲ್ಲ. ಗೊತ್ತಿರುವವರು ದಾರಿ ಹೇಳಿ.

ಶೇಂಗಾ ಹೊಲ (ಚಳ್ಳಕೆರೆ)

ಅಣ್ಣ, ಮೊದಲು ಒಂದು ವಿಷಯ ಹೇಳಿ. ಬಿಲದ ಬಾಯಿ ತೆರೆದಿದೆಯಾ, ಮಣ್ಣಿನಿಂದ ಮುಚ್ಚಿದೆಯಾ? ನಮ್ಮ ಕಡೆ ಕಾಡುವ ಇಲಿಯೇ ಬೇರೆ. ಒಣ ಭೂಮಿಯಲ್ಲಿ, ಮರಳು ಮಿಶ್ರಿತ ಮಣ್ಣಿನಲ್ಲಿ ಇರುತ್ತದೆ. ಹಿಂಗಾಲು ಉದ್ದ, ಬಾಲದ ತುದಿಯಲ್ಲಿ ಕಪ್ಪು ಕುಚ್ಚು. ರಾತ್ರಿ ಬ್ಯಾಟರಿ ಬಿಟ್ಟರೆ ಕುಪ್ಪಳಿಸಿಕೊಂಡು ಓಡುತ್ತದೆ. ಅದರ ಬಿಲದ ಬಾಯಿ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಬಿತ್ತಿದ ಮರುದಿನವೇ ಸಾಲು ಹಿಡಿದು ಶೇಂಗಾ ಬೀಜ ಕೆದಕಿ ತಿನ್ನುತ್ತದೆ. ಯಾವುದು ಅಂತ ಗೊತ್ತಾಗದೆ ಔಷಧಿ ಹುಡುಕಿ ಪ್ರಯೋಜನ ಇಲ್ಲ.

ನಾಲೆಬಯಲು

ಮುಚ್ಚಿದೆ. ಬಾಯಿಯ ಹತ್ತಿರ ಹೊಸ ಮಣ್ಣು ಗುಡ್ಡೆ ಗುಡ್ಡೆ. ಕಳೆದ ವರ್ಷ ಕೊಯ್ಲಾದ ಮೇಲೆ ಒಂದು ಬಿಲ ಅಗೆದಿದ್ದೆವು. ಒಳಗೆ ತೆನೆ ಪೇರಿಸಿಟ್ಟಿತ್ತು. ತೂರಿ ಅಳೆದರೆ ಮೂರು ಸೇರು ಭತ್ತ ಸಿಕ್ಕಿತು.

ಇಲಾಖೆಯ ಹಳಬ (ದಾವಣಗೆರೆ)

ಹಾಗಾದರೆ ಅದು ಹೆಗ್ಗಣವೇ. ಗದ್ದೆ ಹೆಗ್ಗಣ ಅಂತ ನಾವು ಕರೆಯುವ ಜಾತಿ. ಬಿಲದ ಬಾಯಿಗೆ ಒಳಗಿನಿಂದ ಮಣ್ಣು ಒತ್ತಿ ಮುಚ್ಚುವುದು, ಕಾಳು ಕೂಡಿಡುವುದು ಅದರ ಗುಣ. ನಾನು ಭದ್ರಾ ಅಚ್ಚುಕಟ್ಟಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಪಾಷಾಣ ಮೊದಲ ರಾತ್ರಿ ಕೆಲಸ ಮಾಡಿ ಆಮೇಲೆ ಯಾಕೆ ಮಾಡಲಿಲ್ಲ ಗೊತ್ತಾ? ಪಾಷಾಣ ಅಂದರೆ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಗೆ ಹೋದ ಕೂಡಲೇ ಅಲ್ಲಿನ ಆಮ್ಲದ ಜೊತೆ ಸೇರಿ ವಿಷದ ಗಾಳಿ ಬಿಡುತ್ತದೆ. ಜಾಸ್ತಿ ತಿಂದದ್ದು ಸಾಯುತ್ತದೆ. ಇಲಿಯ ಸ್ವಭಾವ ಏನೆಂದರೆ ಹೊಸ ತಿಂಡಿಯನ್ನು ಮೊದಲು ಚೂರೇ ಚೂರು ರುಚಿ ನೋಡುತ್ತದೆ. ಚೂರು ತಿಂದದ್ದಕ್ಕೆ ಹೊಟ್ಟೆ ಕೆಡುತ್ತದೆ, ಬದುಕಿಕೊಳ್ಳುತ್ತದೆ. ಮತ್ತೆ ಆ ವಾಸನೆಯ ಹತ್ತಿರ ಬರುವುದಿಲ್ಲ. ಅದಕ್ಕೇ ಮೊದಲು ಎರಡು ದಿನ ವಿಷ ಇಲ್ಲದ ನುಚ್ಚನ್ನು ಎಣ್ಣೆ ಸವರಿ ಇಡಬೇಕು. ತಿಂದು ರೂಢಿಯಾಗಲಿ. ಮೂರನೇ ದಿನ ವಿಷ ಬೆರೆಸಿದ್ದು. 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್. ಕೋಲಿನಲ್ಲಿ ಕಲಸಿ, ಬರಿಗೈಯಲ್ಲಿ ಬೇಡವೇ ಬೇಡ. ಕಾಗದದ ಚಿಕ್ಕ ಪೊಟ್ಟಣ ಕಟ್ಟಿ ಬಿಲದ ಒಳಗೆ ತಳ್ಳಿ ಬಾಯಿ ಮುಚ್ಚಬೇಕು. ಬದುವಿನ ಮೇಲೆ ಇಡಬಾರದು. ನಿಮ್ಮ ನಾಯಿ ಸತ್ತದ್ದು ಅದರಿಂದಲೇ. ಇದನ್ನು ಯಾರೂ ನಿಮಗೆ ಹೇಳಿಕೊಡಲಿಲ್ಲವಲ್ಲ ಅಂತ ಬೇಸರವಾಗುತ್ತದೆ.

ಆದರೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ನಿಮ್ಮ ಒಂದೂವರೆ ಎಕರೆಯಲ್ಲಿ ಎಲ್ಲ ಹೆಗ್ಗಣವನ್ನು ಕೊಂದರೂ ಹತ್ತು ದಿನದಲ್ಲಿ ಪಕ್ಕದ ಗದ್ದೆಯವು ಬಂದು ಆ ಬಿಲಗಳನ್ನೇ ಸೇರುತ್ತವೆ. ಖಾಲಿ ಮನೆ ಸಿಕ್ಕಿದರೆ ಬಿಡುತ್ತವಾ? ಒಂದು ಬಯಲಿನವರೆಲ್ಲ ಒಂದೇ ವಾರದಲ್ಲಿ ಕೈ ಹಾಕಬೇಕು. ಅದೂ ಹೊಡೆ ಬರುವುದಕ್ಕೆ ಮೊದಲು. ಹೆಗ್ಗಣ ಮರಿ ಹಾಕುವುದು ಪೈರಿನ ಲೆಕ್ಕದಲ್ಲಿ. ಹೊಡೆಯಿಂದ ಕೊಯ್ಲಿನ ತನಕ ಅದಕ್ಕೆ ಹಬ್ಬ. ಮೂರು ವಾರ ಚಿಲ್ಲರೆ ಬಸಿರು, ಒಂದು ಸೂಲಿಗೆ ಆರೇಳು ಮರಿ. ಈಗ ಒಂದು ಹೆಣ್ಣು ಹೋದರೆ ಕೊಯ್ಲಿನ ಹೊತ್ತಿಗೆ ಎಷ್ಟು ಕಡಿಮೆ ಆಗುತ್ತದೆ ಯೋಚಿಸಿ. ಹೊಡೆ ಬಂದ ಮೇಲೆ ನೀವು ಎಷ್ಟೇ ಒಳ್ಳೆಯ ನುಚ್ಚು ಇಟ್ಟರೂ ಅದಕ್ಕೆ ಬೇಡ. ಎದುರಿಗೇ ಹಾಲು ತುಂಬಿದ ತೆನೆ ಇರುತ್ತದಲ್ಲ.

ಮೊದಲ ಕೆಲಸ ಲೆಕ್ಕ. ಒಂದು ಸಂಜೆ ಎಲ್ಲ ಬಿಲಗಳ ಬಾಯಿಗೂ ಕೆಸರು ಮೆತ್ತಿ. ಮರುದಿನ ಬೆಳಗ್ಗೆ ಹೋಗಿ ನೋಡಿ. ಯಾವುದು ಮತ್ತೆ ತೆರೆದಿದೆಯೋ, ಹೊಸ ಮಣ್ಣು ಹಾಕಿದೆಯೋ, ಅದರಲ್ಲಿ ಮಾತ್ರ ಹೆಗ್ಗಣ ಇದೆ. ಅಲ್ಲೊಂದು ಕಡ್ಡಿ ನೆಡಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಕರಾವಳಿ ಗದ್ದೆಮನೆ (ಕುಂದಾಪುರ)

ಇಲಾಖೆಯ ಹಳಬರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಬದು ಸೋರಿದರೆ ಎಲ್ಲರೂ ಇಲಿಯನ್ನೇ ಬೈಯುತ್ತಾರೆ. ಎಷ್ಟೋ ಸಲ ಅದು ಏಡಿ. ಏಡಿಯ ಬಿಲ ನೀರಿನ ಮಟ್ಟದಲ್ಲೇ ಇರುತ್ತದೆ, ಬಾಯಿಯಲ್ಲಿ ಉಂಡೆ ಉಂಡೆಯಾದ ಹಸಿ ಮಣ್ಣು. ಅದಕ್ಕೆ ಪಾಷಾಣ ಹಾಕಿ ಏನೂ ಪ್ರಯೋಜನ ಇಲ್ಲ. ಮಳೆ ಹಿಡಿದ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಏಡಿ ಹಿಡಿದು ತಂದರೆ ಬದುವೂ ಉಳಿಯಿತು, ಸಾರೂ ಆಯಿತು.

ಇನ್ನೊಂದು ಗಂಭೀರವಾದ ಮಾತು. ಇಲಿ ಜ್ವರ. ಇಲಿ, ಹೆಗ್ಗಣದ ಮೂತ್ರ ಗದ್ದೆ ನೀರಿಗೆ ಸೇರುತ್ತದೆ. ಕಾಲಲ್ಲಿ ಗಾಯ, ಬಿರುಕು ಇದ್ದರೆ ರೋಗಾಣು ಅಲ್ಲಿಂದ ಒಳಗೆ ಹೋಗುತ್ತದೆ. ನಮ್ಮ ಭಾವನಿಗೆ ಎರಡು ವರ್ಷದ ಹಿಂದೆ ಬಂದಿತ್ತು. ಜ್ವರ, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ನಾಟಿಯ ಸುಸ್ತು ಅಂತ ನಾಲ್ಕು ದಿನ ಸುಮ್ನೆ ಮನೆಯಲ್ಲೇ ಮಲಗಿಸಿದೆವು. ಕಣ್ಣು ಹಳದಿ ಆದ ಮೇಲೆ ಆಸ್ಪತ್ರೆಗೆ ಓಡಿದೆವು. ಕಿಡ್ನಿಗೂ ತೊಂದರೆ ಆಗಿತ್ತು, ಹೇಗೋ ಉಳಿದರು. ಬೇಗ ತೋರಿಸಿದರೆ ಮಾತ್ರೆಯಲ್ಲೇ ವಾಸಿಯಾಗುವ ಜ್ವರ ಇದು. ಹೆಗ್ಗಣದ ಬಿಲ ಕೆದಕುವವರು ಗಾಯ ಇದ್ದರೆ ನೀರಿಗೆ ಇಳಿಯಬೇಡಿ. ಸತ್ತದ್ದನ್ನು ಬರಿಗೈಯಲ್ಲಿ ಎತ್ತಬೇಡಿ. ಜ್ವರ ಬಂದರೆ ಗದ್ದೆ ಕೆಲಸ ಮಾಡುತ್ತೇನೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಕಬ್ಬಿನ ಗದ್ದೆ (ಅಥಣಿ)

ನಮಸ್ಕಾರ ಸರ. ನಮ್ಮ ಕಡೆ ಕಬ್ಬಿನೊಳಗೆ ಇದೇ ಹಾವಳಿ. ಬುಡದ ಗಣ್ಣು ಕಡಿದು ಬಿಡುತ್ತವೆ, ಗಾಳಿ ಬಂದರೆ ಇಡೀ ಸಾಲು ಮಲಗುತ್ತದೆ. ಇಷ್ಟೆಲ್ಲ ಎರಡು ದಿನ ನುಚ್ಚು, ಮೂರನೇ ದಿನ ಪೊಟ್ಟಣ ಅಂತ ಕಾಯುವ ಬದಲು ಕಾಳಿಗೆ ಹಾಕುವ ಗುಳಿಗೆ ಇದೆಯಲ್ಲ, ಅದನ್ನು ಬಿಲಕ್ಕೆ ಹಾಕಿ ಬಾಯಿ ಮುಚ್ಚಿದರೆ ಒಂದೇ ದಿನದ ಕೆಲಸ. ನಮ್ಮ ಊರಲ್ಲಿ ಬಹಳ ಮಂದಿ ಹಾಗೇ ಮಾಡುತ್ತಾರೆ.

ಇಲಾಖೆಯ ಹಳಬ

ದಯವಿಟ್ಟು ಬೇಡ. ಅದು ಅಲ್ಯುಮಿನಿಯಂ ಫಾಸ್ಫೈಡ್. ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಜಿಂಕ್ ಫಾಸ್ಫೈಡ್ ಇಲಿಯ ಹೊಟ್ಟೆಯೊಳಗೆ ಬಿಡುವ ಅನಿಲವನ್ನೇ ಇದು ಹೊರಗೆ ಬಿಡುತ್ತದೆ, ನೀವು ಉಸಿರಾಡುವ ಗಾಳಿಗೆ. ಇದಕ್ಕೆ ಮದ್ದು ಇಲ್ಲ. ತರಬೇತಿ ಇರುವವರು, ಅನುಮತಿ ಇರುವವರು ಮಾತ್ರ ಬಳಸಬೇಕು ಅಂತ ಸರ್ಕಾರವೇ ನಿರ್ಬಂಧ ಹಾಕಿರುವ ವಸ್ತು. ಅರ್ಧ ಡಬ್ಬಿ ಉಳಿಸಿ ಮನೆಯೊಳಗೆ ಇಟ್ಟು, ಆ ಕೋಣೆಯಲ್ಲಿ ಮಲಗಿದ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಊರಲ್ಲಿ ಬಹಳ ಮಂದಿ ಮಾಡುತ್ತಾರೆ ಅನ್ನುವುದು ಕಾರಣ ಅಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಕ್ಷಮಿಸಿ.

ಕಬ್ಬಿನ ಗದ್ದೆ (ಅಥಣಿ)

ತಪ್ಪು ತಿಳಿಯಲಿಲ್ಲ ಸರ. ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆ, ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲೇ. ಇವತ್ತೇ ಹೊರಗೆ ಇಡಿಸುತ್ತೇನೆ. ಏನು ಮಾಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳುತ್ತೇನೆ.

ಕಬ್ಬಿನವರಿಗೆ ನಮ್ಮ ಅನುಭವ ಒಂದು. ಒಣ ರವದಿ (ಕಬ್ಬಿನ ಗರಿ) ಸುಲಿದು, ಕಬ್ಬು ಬೀಳದ ಹಾಗೆ ಜೋಡಿಸಿ ಕಟ್ಟಿದ ವರ್ಷ ಕಾಟ ಬಹಳ ಕಮ್ಮಿ ಆಯಿತು. ಬಿದ್ದ ಕಬ್ಬಿನ ಕೆಳಗೇ ಅವು ಸಂಸಾರ ಹೂಡುವುದು.

ಹುತ್ತದ ನೆರೆಯವ (ತುಮಕೂರು)

ನಾನು ಹಾವು ಹಿಡಿದು ಬಿಡುವ ಕೆಲಸ ಮಾಡುತ್ತೇನೆ. ಬಿಲ ಅಗೆಯುವ ಮಾತು ಬಂದದ್ದರಿಂದ ಹೇಳಲೇಬೇಕು. ಯಾವ ಕಾರಣಕ್ಕೂ ಬಿಲದೊಳಗೆ ಕೈ ಹಾಕಬೇಡಿ. ಹೆಗ್ಗಣ ಬಿಟ್ಟುಹೋದ ಬಿಲದಲ್ಲಿ ನಾಗರಹಾವು ಇರುತ್ತದೆ, ಹೆಗ್ಗಣ ಇರುವ ಬಿಲಕ್ಕೂ ಅದನ್ನು ತಿನ್ನಲು ಬರುತ್ತದೆ. ನಾಲೆಬಯಲಿನ ಅಣ್ಣ ತೋಳು ಹೋಗುವಷ್ಟು ದೊಡ್ಡದು ಅಂತ ಬರೆದದ್ದು ಓದಿ ನನಗೆ ಭಯ ಆಯಿತು.

ಕೇರೆ ಹಾವನ್ನು ದಯವಿಟ್ಟು ಹೊಡೆಯಬೇಡಿ. ವಿಷ ಇಲ್ಲ. ಬಿಲದ ಒಳಗೇ ನುಗ್ಗಿ ಮರಿಗಳನ್ನೂ ಬಿಡದೆ ತಿನ್ನುತ್ತದೆ. ಬೆಕ್ಕು, ಗೂಬೆಗೆ ಅದು ಸಾಧ್ಯವಿಲ್ಲ. ಉಡ ಕಂಡರೂ ಹೊಡೆಯುವವರು ಇದ್ದಾರೆ, ಅದೂ ಇಲಿ ತಿನ್ನುವ ಪ್ರಾಣಿಯೇ. ಇನ್ನು ತೋಟದ ಅಂಚಿನಲ್ಲಿ ಏಕಾಏಕಿ ದೊಡ್ಡ ಬಿಲ ಕಂಡು ಹೊಗೆ ಹಾಕಿದವರು ಒಮ್ಮೆ ನನ್ನನ್ನು ಕರೆದರು. ಒಳಗಿದ್ದದ್ದು ಚಿಪ್ಪುಹಂದಿ. ಗೆದ್ದಲು, ಇರುವೆ ತಿಂದು ಬದುಕುವ ಜೀವ, ಬೆಳೆಗೆ ಅದರಿಂದ ಏನೂ ತೊಂದರೆ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಎಲ್ಲಕ್ಕೂ ರಕ್ಷಣೆ ಇದೆ. ಇಲಿ, ಹೆಗ್ಗಣಕ್ಕೆ ಇಲ್ಲ. ಯಾರ ಮನೆ ಅಂತ ಗೊತ್ತಾಗುವ ತನಕ ಹೊಗೆಯೂ ಬೇಡ, ಗುದ್ದಲಿಯೂ ಬೇಡ.

ಬಿಲ ಓದುವುದರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಕಡೆಯ ಇರುಳ ಬುಡಕಟ್ಟಿನವರಂಥ ನಿಪುಣರನ್ನು ನಾನು ಕಂಡಿಲ್ಲ. ತೂತು ಮಾಡಿದ ಮಡಕೆಗೆ ಹುಲ್ಲು ತುಂಬಿ ಬೆಂಕಿ ಹಚ್ಚಿ, ಬಿಲದ ಬಾಯಿಗೆ ಒತ್ತಿ ಹೊಗೆ ಊದುತ್ತಾರೆ. ಎಲ್ಲೆಲ್ಲಿ ಹೊಗೆ ಬರುತ್ತದೆ ನೋಡಿ ಉಳಿದ ಬಾಯಿಗಳನ್ನು ಮುಚ್ಚಿ ಅಗೆಯುತ್ತಾರೆ. ಹೆಗ್ಗಣ ಕೂಡಿಟ್ಟ ಭತ್ತವೂ ಅವರಿಗೇ. ವಿಷ ಒಂದು ಗ್ರಾಂ ಇಲ್ಲ. ಹಾವು ಹಿಡಿಯುವ ಇರುಳರು 1978ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿ ಹಾವಿನ ವಿಷ ತೆಗೆದು ಕೊಡುತ್ತಿದ್ದಾರೆ. ನಮಗೆ ಹಾವು ಕಚ್ಚಿದಾಗ ಕೊಡುವ ಔಷಧಿ ತಯಾರಾಗುವುದು ಇಂಥ ವಿಷದಿಂದಲೇ. ಅವರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ದಿನ ನನಗೆ ಆದ ಸಂತೋಷ ಹೇಳಲು ಆಗದು.

ಹೊರನಾಡಿನ ತೋಟ (ಪೆನ್ಸಿಲ್ವೇನಿಯಾ)

ಊರು ಹಾಸನ, ಈಗ ಇರುವುದು ಅಮೆರಿಕದಲ್ಲಿ. ಮನೆ ಹಿಂದೆ ಸ್ವಲ್ಪ ತರಕಾರಿ ಬೆಳೆಯುತ್ತೇನೆ. ಪಕ್ಕದಲ್ಲಿ ಸೋಯಾ ಬೆಳೆಯುವ ರೈತರ ಹೊಲ. ಇಲ್ಲಿ ಬಿಲ ತೋಡುವ ಶತ್ರು ಗ್ರೌಂಡ್‌ಹಾಗ್. ಅಳಿಲಿನ ಕುಲವೇ, ಆದರೆ ಮೂರರಿಂದ ಆರು ಕೆಜಿ ತೂಗುತ್ತದೆ. ಬೇಲಿ ಪಕ್ಕದ ಸೋಯಾ ಸಾಲನ್ನು ಬುಡದ ತನಕ ಮೇಯುತ್ತದೆ. ನನ್ನ ಹುರುಳಿಕಾಯಿ ಗಿಡ ಒಂದೇ ಬೆಳಗ್ಗೆಯಲ್ಲಿ ಖಾಲಿ ಮಾಡಿತ್ತು.

ಅದರ ಬಿಲಕ್ಕೆ ಮಣ್ಣಿನ ಗುಡ್ಡೆ ಇರುವ ಒಂದು ಮುಂಬಾಗಿಲು, ಹುಲ್ಲಿನಲ್ಲಿ ಮರೆಯಾದ ಹಿಂಬಾಗಿಲು. ಹಿಂಬಾಗಿಲನ್ನು ಒಳಗಿನಿಂದಲೇ ತೋಡುತ್ತದೆ, ಹಾಗಾಗಿ ಅಲ್ಲಿ ಮಣ್ಣೇ ಕಾಣುವುದಿಲ್ಲ. ಟ್ರ್ಯಾಕ್ಟರ್ ಚಕ್ರ, ಕುದುರೆ ಕಾಲು ಸಿಕ್ಕಿಕೊಳ್ಳುವುದು ಅದಕ್ಕೇ. ಕೊಟ್ಟಿಗೆಯ ಅಡಿಪಾಯದ ಕೆಳಗೂ ತೋಡುತ್ತದೆ. ಪಕ್ಕದ ರೈತರು ಬೇಸಿಗೆಯ ಸಂಜೆ ದುರ್ಬೀನು ಹಾಕಿದ ರೈಫಲ್ ಹಿಡಿದು ಕಾಯುತ್ತಾರೆ. ಇಲ್ಲಿ ಅದು ತಲೆತಲಾಂತರದಿಂದ ಬಂದ ಬೇಟೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಬಂದೂಕು ಮುಟ್ಟಿದವನಲ್ಲ. ತೋಟದ ಸುತ್ತ ತಂತಿ ಬಲೆ ಹಾಕಿ, ಒಂದು ಅಡಿ ಮಣ್ಣಿನೊಳಗೆ ಇಳಿಸಿ, ತುದಿಯನ್ನು ಹೊರಕ್ಕೆ ಬಗ್ಗಿಸಿ ಹೂತೆ. ತೋಡುತ್ತಾ ಬಂದರೆ ಬಲೆಗೆ ತಾಗಿ ನಿಲ್ಲುತ್ತದೆ. ಎರಡು ವರ್ಷದಿಂದ ಒಳಗೆ ಬಂದಿಲ್ಲ.

ಇದೇ ಪ್ರಾಣಿಯ ಹೆಸರಲ್ಲಿ ನಮ್ಮ ರಾಜ್ಯದ ಪಂಕ್ಸುಟಾನಿ ಊರಿನಲ್ಲಿ 1887ರಿಂದ ಫೆಬ್ರವರಿ 2ರಂದು ಹಬ್ಬ ಮಾಡುತ್ತಾರೆ. ಚಳಿಗಾಲದ ನಿದ್ದೆಯಿಂದ ಎದ್ದು ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಅಂತ ನಂಬಿಕೆ.

ಒಂದು ಕೇಳಬೇಕು. ಊರಲ್ಲಿ ಯಾರೂ ಹೆಗ್ಗಣಕ್ಕೆ ಬಂದೂಕು ಬಳಸುವುದಿಲ್ಲವಾ?

ಕಾಫಿ ಇಳಿಜಾರು (ಮಡಿಕೇರಿ ಹತ್ತಿರ)

ನಮ್ಮ ಮನೆಯಲ್ಲಿ ಕೋವಿ ಇದೆ. ಕೊಡವರಿಗೆ, ಜಮ್ಮಾ ಭೂಮಿ (ವಂಶಪಾರಂಪರ್ಯದ ಹಿಡುವಳಿ) ಇರುವವರಿಗೆ ಶಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆದರೆ ಕೋವಿ ಇದೆ ಅಂದ ಮಾತ್ರಕ್ಕೆ ಬೇಟೆ ಆಡಬಹುದು ಅಂತ ಅಲ್ಲ. ಇಲ್ಲಿ ನಮಗೆ ಕಾಡುವ ಬಿಲದ ಪ್ರಾಣಿ ಮುಳ್ಳುಹಂದಿ. ಗೆಡ್ಡೆ ಗೆಣಸು ಬಿಡುವುದಿಲ್ಲ, ತೆಂಗಿನ ಸಸಿಯ ಬುಡವನ್ನೇ ಕೊರೆದು ತಿನ್ನುತ್ತದೆ. ಎಷ್ಟು ಸಿಟ್ಟು ಬಂದರೂ ಅದನ್ನು ಹೊಡೆಯುವ ಹಾಗಿಲ್ಲ, ರಕ್ಷಿತ ಪ್ರಾಣಿ. ಸಸಿಯ ಸುತ್ತ ತಗಡು ಸುತ್ತಿ ಉಳಿಸಿಕೊಂಡಿದ್ದೇವೆ.

ಹೆಗ್ಗಣಕ್ಕೆ ಗುಂಡು ಹೊಡೆದು ಮುಗಿಯುವುದಿಲ್ಲ. ನಿಮ್ಮ ಗ್ರೌಂಡ್‌ಹಾಗ್ ಹಗಲು ಹೊರಗೆ ಬರುತ್ತದೆ, ಒಂದು ಬಿಲಕ್ಕೆ ಸಾಮಾನ್ಯವಾಗಿ ಒಂದೇ ದೊಡ್ಡದು, ವರ್ಷಕ್ಕೆ ಒಂದೇ ಸೂಲು. ಒಂದನ್ನು ಹೊಡೆದರೆ ಒಂದು ಕಡಿಮೆ ಆಯಿತು ಅನ್ನಬಹುದು. ಹೆಗ್ಗಣ ರಾತ್ರಿಯದು, ಪೈರಿನೊಳಗೆ ಮರೆ, ಹೊಡೆಯಿಂದ ಕೊಯ್ಲಿನ ತನಕ ಮರಿ ಹಾಕುವುದು ನಿಲ್ಲುವುದೇ ಇಲ್ಲ.

ಇಲಿ ಎಷ್ಟು ಹೆಚ್ಚಬಹುದು ಅನ್ನುವುದಕ್ಕೆ ಮಿಜೋರಾಂ ನೋಡಿ. ಅಲ್ಲಿನ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಡುತ್ತದೆ. ಬಿದಿರಿನ ಬೀಜ ತಿಂದು ಇಲಿ ಮಿತಿ ಮೀರಿ ಹೆಚ್ಚಿ, ಬೀಜ ಮುಗಿದ ಮೇಲೆ ಗದ್ದೆಗೆ ನುಗ್ಗುತ್ತವೆ. 1959ರಲ್ಲಿ ಹಾಗಾಗಿ ಬರಗಾಲವೇ ಬಂತು. ಆ ಬರಗಾಲದಲ್ಲಿ ಜನರಿಗೆ ನೆರವಾಗಲು ಕಟ್ಟಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 2007ರಲ್ಲಿ ಮತ್ತೆ ಹೂ ಬಿಟ್ಟಿತು. ಬಿದಿರು ಹೂ ಬಿಟ್ಟರೆ ಬರ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು.

ಪಶುವೈದ್ಯೆ (ಶಿವಮೊಗ್ಗ)

ನಾಲೆಬಯಲಿನವರ ನಾಯಿಯ ಕಥೆ ಓದಿ ಬರೆಯದೆ ಇರಲು ಆಗಲಿಲ್ಲ. ಪ್ರತಿ ವರ್ಷ ಇಂಥ ನಾಯಿಗಳನ್ನು ನನ್ನ ಹತ್ತಿರ ತರುತ್ತಾರೆ. ಜಿಂಕ್ ಫಾಸ್ಫೈಡ್ ತಿಂದಿದ್ದರೆ ಅದಕ್ಕೆ ಪ್ರತಿಮದ್ದು ಇಲ್ಲ, ಕೈಲಾದ ಚಿಕಿತ್ಸೆ ಕೊಟ್ಟು ಕಾಯಬೇಕು ಅಷ್ಟೇ. ಬ್ರೋಮಡಿಯೋಲೋನ್ ಬಿಲ್ಲೆ ಬೇರೆ ಜಾತಿಯ ಇಲಿ ಔಷಧಿ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಇಲಿ ನಾಲ್ಕೈದು ದಿನ ಆದ ಮೇಲೆ ಸಾಯುವುದರಿಂದ ತಿಂಡಿಯ ಮೇಲೆ ಅನುಮಾನ ಬರುವುದಿಲ್ಲ. ಮೊದಲು ಬರಿ ನುಚ್ಚು ಇಡುವ ಕೆಲಸವೂ ಇಲ್ಲ. ನಾಯಿ ತಿಂದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಬೇಗ ತಂದರೆ. ತಿಂದ ಔಷಧಿಯ ಕವರ್ ಜೊತೆಗೆ ತನ್ನಿ, ನಮಗೆ ಅರ್ಧ ಕೆಲಸ ಸುಲಭ. ಆದರೆ ಈ ಬಿಲ್ಲೆ ತಿಂದ ಇಲಿಯನ್ನು ಗೂಬೆ, ಬೆಕ್ಕು ತಿಂದರೆ ವಿಷ ಅವುಗಳ ಮೈಗೂ ಸೇರುತ್ತದೆ. ಸತ್ತವನ್ನು ಹುಡುಕಿ ಹೂಳಲೇಬೇಕು.

ಈ ಔಷಧಿ ಹುಟ್ಟಿದ ಕಥೆ ದನ ಸಾಕುವವರಿಗೆ ಗೊತ್ತಿರಬೇಕು. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ರೈತ ಹಿಮದಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ. ಜೊತೆಗೆ ಸತ್ತ ಕಡಸು, ಹಾಲಿನ ಕ್ಯಾನಿನಲ್ಲಿ ಅದರ ಹೆಪ್ಪುಗಟ್ಟದ ರಕ್ತ, ದನಕ್ಕೆ ಹಾಕಿದ್ದ ಬೂಷ್ಟು ಹಿಡಿದ ಮೇವು. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ತನ್ನ ತಂಡದ ಜೊತೆ ವರ್ಷಗಟ್ಟಲೆ ಹುಡುಕಿ ಮೇವಿನಲ್ಲಿದ್ದ ವಸ್ತು ಕಂಡುಹಿಡಿದರು. ಅದರಿಂದಲೇ ವಾರ್ಫರಿನ್ ಬಂತು. 1948ರಲ್ಲಿ ಇಲಿ ಔಷಧಿಯಾಗಿ, ಆಮೇಲೆ ಮನುಷ್ಯರ ರಕ್ತ ತೆಳುವಾಗಿಸುವ ಮಾತ್ರೆಯಾಗಿ. ಇಂದಿನ ಬ್ರೋಮಡಿಯೋಲೋನ್ ಅದೇ ವಂಶದ್ದು.

ನಮ್ಮ ಬದುವಿನಲ್ಲೇ ಇರುವ ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ಅದರ ಹೆಸರಿಗೇ ಲ್ಯಾಟಿನ್‌ನಲ್ಲಿ ಇಲಿ ಕೊಲ್ಲುವುದು ಅಂತ ಅರ್ಥ. ಮಧ್ಯ ಅಮೆರಿಕದ ರೈತರು ಅದರ ತೊಗಟೆಯನ್ನು ಕಾಳಿನ ಜೊತೆ ಹುಳಿ ಬರಿಸಿ ಇಲಿಗೆ ಇಡುತ್ತಿದ್ದರು. ಬೂಷ್ಟು ಹಿಡಿದ ಮೇವು ದನಕ್ಕೆ ಹಾಕಬೇಡಿ ಅಂತ ನಾನು ಪದೇ ಪದೇ ಹೇಳುವುದಕ್ಕೂ ಇಂಥದ್ದೇ ಕಾರಣ.

ಎರೆಹುಳು (ಮಳವಳ್ಳಿ)

ಗೂಬೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾಟಿಯಾದ ಮೇಲೆ ಗದ್ದೆಯಲ್ಲಿ ಟಿ ಆಕಾರದ ಕೋಲು ನೆಟ್ಟಿದ್ದೇನೆ, ಪೈರಿಗಿಂತ ನಾಲ್ಕೈದು ಅಡಿ ಎತ್ತರಕ್ಕೆ. ಕಣಜ ಗೂಬೆ ಬಂದು ಕೂರುತ್ತದೆ. ಬೆಳಗ್ಗೆ ಕೋಲಿನ ಬುಡದಲ್ಲಿ ಅದು ಕಕ್ಕಿದ ಉಂಡೆ ಬಿದ್ದಿರುತ್ತದೆ. ಬಿಡಿಸಿದರೆ ಬರೀ ಇಲಿಯ ತಲೆಬುರುಡೆ, ಕೂದಲು. ಮಲೇಷ್ಯಾದ ಎಣ್ಣೆ ತಾಳೆ ತೋಟಗಳಲ್ಲಿ ಗೂಬೆಗೆ ಗೂಡಿನ ಪೆಟ್ಟಿಗೆ ಕಟ್ಟಿ ಇಲಿ ಹತೋಟಿ ಮಾಡುತ್ತಾರೆ. ನಮ್ಮ ಮನೆಯವರು ಮೊದಲು ಒಪ್ಪಲಿಲ್ಲ, ಗೂಬೆ ಕರೆಯುವುದು ಅಪಶಕುನ ಅಂತ. ಉಂಡೆ ಬಿಡಿಸಿ ತೋರಿಸಿದ ಮೇಲೆ ಅತ್ತೆಯವರೇ ಇನ್ನೊಂದು ಕೋಲು ನೆಡು ಅಂದರು. ಆದರೆ ನಿಜ ಹೇಳಬೇಕು, ಗೂಬೆಯೊಂದರಿಂದಲೇ ಕಾಟ ನಿಲ್ಲುವುದಿಲ್ಲ.

ಗಡಿ ಗದ್ದೆ (ಕೊಳ್ಳೇಗಾಲ)

ನಮ್ಮಲ್ಲಿ ತಂಜಾವೂರು ಕಡೆಯ ಬಿದಿರಿನ ಬಿಲ್ಲು ಬೋನು ಬಳಸುತ್ತೇವೆ. ಬಿದಿರಿನ ಬಿಲ್ಲು, ದಾರ, ಮಧ್ಯದಲ್ಲಿ ತಿಂಡಿ. ಮುಟ್ಟಿದರೆ ಕುತ್ತಿಗೆಗೆ ಬಿಗಿಯುತ್ತದೆ. ನಾಟಿಯಾದ ಹದಿನೈದು ಇಪ್ಪತ್ತು ದಿನಕ್ಕೆ ಸಂಜೆ ನೆಟ್ಟು ಬೆಳಗ್ಗೆ ತೆಗೆಯುವುದು. ನಾಲೆಬಯಲಿನವರಿಗೆ ಈಗ ಸರಿಯಾದ ಸಮಯ. ಮಾದರಿ ಬೇಕಾದರೆ ಒಂದೆರಡು ಕಳಿಸುತ್ತೇನೆ.

ಇಲಾಖೆಯ ಹಳಬ

ತುಂಬ ಒಳ್ಳೆಯದು. ಬದುವಿನ ಬಗ್ಗೆಯೂ ಒಂದು ಮಾತು. ಅಗಲ, ಎತ್ತರದ ಬದು ಹೆಗ್ಗಣಕ್ಕೆ ಕಟ್ಟಿಕೊಟ್ಟ ಮನೆ. ಒಂದು ಅಡಿಗಿಂತ ಅಗಲ ಬೇಡ, ಹುಲ್ಲು ಬೆಳೆಯಲು ಬಿಡಬೇಡಿ.

ಎರೆಹುಳು

ಸರ್, ಇದೊಂದನ್ನು ಒಪ್ಪುವುದು ಕಷ್ಟ. ಬದುವಿನ ಹುಲ್ಲಿನಿಂದಲೇ ನಮ್ಮ ಎರಡು ಹಸು ಬದುಕುವುದು. ತಲೆ ಮೇಲೆ ಹೊರೆ ಹೊತ್ತು ನಡೆಯುವವರು ನಾವು ಹೆಂಗಸರು, ಒಂದು ಅಡಿ ಬದುವಿನ ಮೇಲೆ ಕೆಸರಿನಲ್ಲಿ ಹೇಗೆ ನಡೆಯುವುದು?

ಇಲಾಖೆಯ ಹಳಬ

ಇದು ನಾನು ಯೋಚಿಸಬೇಕಾದ ಮಾತು ಅಕ್ಕ. ಓಡಾಡುವ ಒಂದು ಬದು ಅಗಲ ಇರಲಿ, ಹುಲ್ಲನ್ನು ವಾರಕ್ಕೊಮ್ಮೆ ಬುಡಕ್ಕೆ ಕೊಯ್ಯಿರಿ. ಒಳಗಿನ ಬದುಗಳನ್ನು ಮಾತ್ರ ಸಣ್ಣ ಮಾಡಿ. ಇಷ್ಟಾದರೂ ಸಾಕು.

ನಾಲೆಬಯಲು (ಹನ್ನೆರಡು ದಿನದ ನಂತರ)

ಎಲ್ಲರಿಗೂ ಕೈ ಮುಗಿಯುತ್ತೇನೆ. ನಡೆದದ್ದು ಹೇಳುತ್ತೇನೆ.

ನಮ್ಮ ತೂಬಿನ ಕೆಳಗೆ ಒಂಬತ್ತು ಜನರ ಗದ್ದೆ, ಒಟ್ಟು 14 ಎಕರೆ. ಒಬ್ಬೊಬ್ಬರ ಮನೆಗೂ ಹೋದೆ. ಆರು ಜನ ಕೂಡಲೇ ಒಪ್ಪಿದರು. ಒಬ್ಬರು ಬೆಂಗಳೂರಿನಲ್ಲಿದ್ದಾರೆ, ಗದ್ದೆ ಬೀಳು. ಫೋನ್ ಮಾಡಿದರೆ ನೀವೇ ಮಾಡಿಕೊಳ್ಳಿ, ಖರ್ಚು ಕೊಡುತ್ತೇನೆ ಅಂದರು. ಇನ್ನೊಬ್ಬರ ಜೊತೆ ನಮಗೆ ನೀರಿನ ವಿಷಯಕ್ಕೆ ಮೂರು ವರ್ಷದಿಂದ ಮಾತಿಲ್ಲ. ಅವರ ಮನೆ ಜಗಲಿಯಲ್ಲಿ ಕೂತಾಗ ಏನು ಮಾತಾಡಲಿ ಅಂತಲೇ ಗೊತ್ತಾಗಲಿಲ್ಲ. ನಿನ್ನ ಯೂರಿಯಾ ನಮ್ಮ ಗದ್ದೆಗೆ ಬಂತಲ್ಲಪ್ಪ, ಪೈರು ಹಸಿರಾಗಿದೆ ಅಂತ ಅವರೇ ಮಾತು ಶುರು ಮಾಡಿದರು. ಒಪ್ಪಿದರು.

ಸಂಜೆ ಎಲ್ಲ ಸೇರಿ 118 ಬಿಲಕ್ಕೆ ಕೆಸರು ಮೆತ್ತಿದೆವು. ಬೆಳಗ್ಗೆ 71 ತೆರೆದಿದ್ದವು. ಪ್ರತಿಯೊಂದಕ್ಕೂ ಕಡ್ಡಿ ನೆಟ್ಟೆವು. ಎರಡು ದಿನ ಬರಿ ನುಚ್ಚು, ಮೂರನೇ ದಿನ ಪೊಟ್ಟಣ. ಪೊಟ್ಟಣ ಇಟ್ಟ ಮೇಲೆ ಎರಡು ದಿನ ಊರಿನ ನಾಯಿಗಳನ್ನೆಲ್ಲ ಕಟ್ಟಿಹಾಕಲು ಮನೆ ಮನೆಗೆ ಹೇಳಿದೆವು. ಐದನೇ ದಿನ ಮತ್ತೆ ಕೆಸರು ಮೆತ್ತಿ ಎಣಿಸಿದರೆ 19. ಅದಕ್ಕೆ ಪಾಷಾಣ ಬೇಡ ಅಂತ ಕೊಳ್ಳೇಗಾಲದ ಅಣ್ಣ ಕಳಿಸಿದ ಮಾದರಿ ನೋಡಿ 40 ಬಿಲ್ಲು ಬೋನು ಮಾಡಿಸಿದೆವು. ಐದು ರಾತ್ರಿಗೆ 34 ಬಿದ್ದವು.

ಬಿಲದಲ್ಲಿ ತಿನ್ನದೆ ಉಳಿದ ಪೊಟ್ಟಣಗಳನ್ನು ಕಡ್ಡಿಯ ಲೆಕ್ಕದಲ್ಲಿ ಹುಡುಕಿದೆವು, ಕೋಲಿನಲ್ಲಿ ಎಳೆದು. 11 ಸಿಕ್ಕಿದವು. ಸತ್ತ ಹೆಗ್ಗಣದ ಜೊತೆ ಮೂರು ಅಡಿ ಆಳಕ್ಕೆ ಹೂತೆವು. ನಾಯಿ, ಬೆಕ್ಕು ಒಂದಕ್ಕೂ ಏನೂ ಆಗಲಿಲ್ಲ.

ಪಶುವೈದ್ಯೆ (ಶಿವಮೊಗ್ಗ)

ಉಳಿದ ಪೊಟ್ಟಣ ಎಣಿಸಿ ತೆಗೆದಿರಿ ಅಂತ ಓದಿ ತುಂಬ ನೆಮ್ಮದಿ ಆಯಿತು. ಅದನ್ನು ಮಾಡಿದವರನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ.

ನಾಲೆಬಯಲು (ಕೊಯ್ಲಿನ ನಂತರ)

ಕೊಯ್ಲು ಮುಗಿಯಿತು. ಈ ಸಲ ಗದ್ದೆ ಮಧ್ಯದಲ್ಲಿ ಚಾಪೆಯಷ್ಟು ಖಾಲಿ ಜಾಗ ಎಲ್ಲೂ ಇರಲಿಲ್ಲ. ನಾಲೆ ಏರಿಯ ಪಕ್ಕದ ಎರಡು ಮಡಿಯಲ್ಲಿ ಮಾತ್ರ ಸ್ವಲ್ಪ ಕಡಿದಿದ್ದವು. ಏರಿಯ ಮೇಲೆ ಆಳೆತ್ತರ ಗಿಡಗಂಟಿ, ಅದರ ಕೆಳಗೆ ಬಿಲ. ಅದು ನಮ್ಮ ಯಾರ ಜಾಗವೂ ಅಲ್ಲ, ಯಾರೂ ಸವರುವುದಿಲ್ಲ. ಬೇಸಿಗೆಯಲ್ಲಿ ನಾಲೆ ನಿಂತಾಗ ಒಂಬತ್ತು ಜನವೂ ಸೇರಿ ಕೇಳಲು ಹೋಗುವ ಅಂತ ಮಾತಾಗಿದೆ. ಮೇ ತಿಂಗಳಲ್ಲಿ ಹೆಗ್ಗಣ ಕಡಿಮೆ ಇರುವಾಗಲೇ ಇನ್ನೊಂದು ಸಲ ಬಿಲ ಎಣಿಸುತ್ತೇವೆ.

ಬಿಲ್ಲು ಬೋನು 40ರಲ್ಲಿ 36 ಚೆನ್ನಾಗಿವೆ, ನಮ್ಮ ಅಟ್ಟದಲ್ಲಿ ಇಟ್ಟಿದ್ದೇನೆ. ಬೇಸಿಗೆ ಭತ್ತ ಹಾಕುವವರು ಯಾರಿಗಾದರೂ ಬೇಕಿದ್ದರೆ ಹೇಳಿ, ಮೇ ತಿಂಗಳ ಒಳಗೆ ವಾಪಸ್ ಕೊಟ್ಟರೆ ಸಾಕು.